ಅಮೃತಪ್ಪನವರ ಹೊಸ ಟ್ಯಾಂಕು

ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಗೆ ಬೆನ್ನು ಮಾಡಿ ನಿಂತ ಓಣಿಯೊಂದರಲ್ಲಿ ಅಮೃತಪ್ಪನವರ ಮನೆ. ಆ ಮನೆಯಲ್ಲಿ ಏನೂ ಸೋರುತ್ತಿರಲಿಲ್ಲ. ಮಳೆಗಾಲ ಬಂತೆಂದರೆ ಓಣಿಯ ಹೆಂಗಸರು ಹಾಸಿಗೆ ಎಳೆದು ನಡುಮನೆಯಲ್ಲಿ ಬೋಗುಣಿ ಇಡುವಾಗ, ಅಮೃತಪ್ಪನವರ ಹೆಂಡತಿ ವಿಶಾಲಾಕ್ಷಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ಎಣ್ಣೆಯ ಡಬ್ಬಿಯ ಕೆಳಗೆ ಜಿಡ್ಡಿನ ಉಂಗುರ ಮೂಡುತ್ತಿರಲಿಲ್ಲ. ಎಲ್ಲಿ ತೇವ ಕಂಡರೂ ಅಮೃತಪ್ಪನವರು ಕನ್ನಡಕ ಏರಿಸಿಕೊಂಡು ಅದರ ಮೂಲ ಹುಡುಕುತ್ತಿದ್ದರು. ಸೋರುವುದನ್ನು ಹಿಡಿಯುವುದೇ ಅವರಿಗೆ ಅನ್ನ ಕೊಟ್ಟ ಕೆಲಸವಾಗಿತ್ತು.

ಹುಮನಾಬಾದಿನ ಕಡೆಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದು ಅವರು ಹೈದರಾಬಾದಿನ ಅಂಚಿನ ರಕ್ಷಣಾ ಕಾರ್ಖಾನೆಯೊಂದನ್ನು ಸೇರಿದ್ದರು. ಅಲ್ಲಿ ತಗಡಿನ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಅವುಗಳೊಳಗೆ ಮುಂದೆ ಏನು ತುಂಬುತ್ತಾರೆಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಪೆಟ್ಟಿಗೆಯ ತೂತುಗಳಿಗೆಲ್ಲ ರಬ್ಬರಿನ ಬಿರಡೆ ಜಡಿಯಬೇಕು, ಒಳಗೆ ಗಾಳಿ ತುಂಬಬೇಕು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕಣ್ಣಿಟ್ಟು ಕೂರಬೇಕು. ಒಂದೇ ಒಂದು ಗುಳ್ಳೆ ಎದ್ದರೂ ಪೆಟ್ಟಿಗೆ ಹಿಂದಕ್ಕೆ. ಏಳದಿದ್ದರೆ ಪಾಸಾಯಿತೆಂದು ಹಸಿರು ಮುದ್ರೆ, ಅವರ ಬಾಯಲ್ಲಿ ಶಿಕ್ಕಾ. ಶಿಕ್ಕಾ ಬಿದ್ದದ್ದೇ ಪೆಟ್ಟಿಗೆ ತಳ್ಳುಗಾಡಿಯೇರಿ ಬಾಗಿಲಾಚೆಯ ಇನ್ನೊಂದು ಶೆಡ್ಡಿಗೆ ಹೋಗುತ್ತಿತ್ತು. ಅಲ್ಲಿ ಸೋಮಣ್ಣನ ಗುಂಪು ಬಿರಡೆಗಳನ್ನು ಕಿತ್ತು, ಒಳಗನ್ನು ಒಣಗಿಸಿ ಮುಂದಕ್ಕೆ ಕಳಿಸುತ್ತಿತ್ತು.

"ಅಮೃತಪ್ಪನವರು ಬಾಯಿ ಮುಚ್ಚಸ್ತಾರ, ನಾವು ಬಾಯಿ ಬಿಡಸ್ತೀವಿ" ಎಂದು ಸೋಮಣ್ಣ ಕ್ಯಾಂಟೀನಿನಲ್ಲಿ ನಗಿಸುತ್ತಿದ್ದ. ಅಮೃತಪ್ಪನವರೂ ಮೀಸೆಯಡಿ ನಗುತ್ತಿದ್ದರು. ಕೆಲಸ ಬಿಡುವವರೆಗೂ ಅವರು ಬಾಗಿಲಾಚೆಯ ಆ ಶೆಡ್ಡಿಗೆ ಕಾಲಿಡಲಿಲ್ಲ. ಇಡುವ ಕಾರಣವಿರಲಿಲ್ಲ.

ನಿವೃತ್ತಿಗೆ ಮೊದಲೇ ಅವರು ಒಂದು ಗಾಡಿ ಕೊಂಡಿದ್ದರು. ನಾರಾಯಣಗೂಡದ ಮುದಿ ಡಾಕ್ಟರೊಬ್ಬರು ಓಡಿಸಿ ಬಿಟ್ಟಿದ್ದ ಮಾರಿಸ್ ಮೈನರ್ ಕಾರು. ಗುಂಡಗಿನ ಬೆನ್ನು, ದುಂಡು ಕಣ್ಣಿನ ದೀಪಗಳು, ಕೆನೆ ಬಣ್ಣ. ಕೀಲಿ ತಿರುವಿದರೆ ಇಂಜಿನ್ನಿಗೂ ಮೊದಲು ಪೆಟ್ರೋಲ್ ಎಳೆಯುವ ಪಂಪು ಮಾತಾಡುತ್ತಿತ್ತು: ಟಿಕ್, ಟಿಕ್, ಟಿಕ್. ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತಿತ್ತು. ಅಮೃತಪ್ಪನವರಿಗೆ ಆ ಸದ್ದೆಂದರೆ ಬಹಳ ಇಷ್ಟ. ಇಂಜಿನ್ ಹಚ್ಚುವ ಮೊದಲು ಒಂದಿಷ್ಟು ಹೊತ್ತು ಸುಮ್ಮನೆ ಕೂತು ಕೇಳುತ್ತಿದ್ದರು.

ಗಾಡಿಗೆ ಒಂದೇ ಕುಂದು. ಪೆಟ್ರೋಲ್ ಟ್ಯಾಂಕು ಡಿಕ್ಕಿಯ ನೆಲಕ್ಕೇ ಕೂತಿತ್ತು, ಹಿಂದಿನ ಸೀಟಿನ ಬೆನ್ನಿಗೇ. ಹಳತಾಗಿ ತುಕ್ಕು ತಿಂದು ಅಲ್ಲಲ್ಲಿ ಬೆವರುತ್ತಿತ್ತು. ಟ್ಯಾಂಕಿಗೆ ಗಾಳಿಯಾಡಲು ಇದ್ದ ಸಣ್ಣ ಕೊಳವೆ ಡಿಕ್ಕಿಯೊಳಗೇ ಮುರಿದುಬಿದ್ದು, ಅದರಿಂದ ಬರುವ ಆವಿಯೆಲ್ಲ ಸೀಟಿಗೆ ನುಗ್ಗುತ್ತಿತ್ತು. ದೊಡ್ಡವರು ಕಿಟಕಿ ಇಳಿಸಿ ಸಹಿಸುತ್ತಿದ್ದರು. ಮೊಮ್ಮಗಳು ನೀಲು ಸಹಿಸುತ್ತಿರಲಿಲ್ಲ. ಮಗಳು ಕಮಲಾಕ್ಷಿಯನ್ನೂ ಕೂಸನ್ನೂ ಲಿಂಗಂಪಲ್ಲಿಯ ಗಂಡನ ಮನೆಗೆ ಬಿಡಲು ಹೋದಾಗಲೆಲ್ಲ ನೀಲು ಬೇಗಂಪೇಟೆ ದಾಟುವುದರೊಳಗೆ ಬಿಳಚಿಕೊಂಡು ತಾಯಿಯ ಸೀರೆಯ ಮೇಲೆ ವಾಂತಿ ಮಾಡುತ್ತಿದ್ದಳು.

ಅಳಿಯ ವೈಜನಾಥನ ತಾಯಿ ಪಾರ್ವತಿಬಾಯಿ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿಯುತ್ತಿದ್ದರು.

"ಏನ್ ಬೀಗರ, ಕೂಸಿನ್ನ ಕಾರಿನ್ಯಾಗ ತಂದೀರೋ, ಗ್ಯಾಸಲೆಟ್ಟಿನ ಎಣ್ಣಿ ಡಬ್ಬ್ಯಾಗ ಅದ್ದಿ ತಂದೀರೋ?"

ಊರಿಗೆಲ್ಲ ಸೋರಿಕೆ ಹಿಡಿದುಕೊಟ್ಟವನ ಗಾಡಿಯೇ ಸೋರುತ್ತದೆಂಬುದು ಅಮೃತಪ್ಪನವರಿಗೆ ಚುಚ್ಚುತ್ತಿತ್ತು. ಆದರೂ ಇಂದು ನಾಳೆ ಎಂದು ಹಾಗೇ ಬಿಟ್ಟಿದ್ದರು.

ಆ ವರ್ಷ ಕಮಲಾಕ್ಷಿಗೆ ಕಾಮಾಲೆಯಾಯಿತು. ಕೂಸಿಗೆ ತಗಲದಿರಲೆಂದು ನೀಲುವನ್ನು ಅತ್ತೆಯ ಹತ್ತಿರ ಬಿಟ್ಟು ಅವಳೊಬ್ಬಳೇ ತವರಿಗೆ ಬಂದಳು. ಗುಣವಾಗಿ ಮಗಳನ್ನು ನೋಡುತ್ತೇನೆಂದಾಗ ಪಾರ್ವತಿಬಾಯಿ, ಇನ್ನೂ ಕಣ್ಣು ಹಳದಿ ಇವೆ ಎಂದರು. ಹಳದಿ ಹೋದ ಮೇಲೆ, ಕೂಸು ನನಗೆ ಹತ್ತಿಕೊಂಡಿದೆ, ಈಗ ಬಿಡಿಸಬೇಡಿ ಎಂದರು. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಕಮಲಾಕ್ಷಿ ರೋಗದ ನೆಪ ಹೇಳಿ ತವರಲ್ಲಿ ಕೂತಿದ್ದಾಳೆಂದು ಆ ಕಡೆಯವರು, ಕೂಸನ್ನು ಹಿಡಿದಿಟ್ಟುಕೊಂಡು ಸೊಸೆಯನ್ನು ಹೊರಗಿಟ್ಟಿದ್ದಾರೆಂದು ಈ ಕಡೆಯವರು. ವೈಜನಾಥ ನಡುವೆ ನಿಂತವನು. ಯಾರು ಕೊನೆಗೆ ಮಾತಾಡಿದರೋ ಅವರ ಮಾತಿಗೆ ತಲೆಯಾಡಿಸುವವನು.

ಅಷ್ಟರಲ್ಲಿ ಅವನಿಗೆ ಪುಣೆಗೆ ವರ್ಗವಾಯಿತು; ತಾಯಿಯನ್ನೂ ಕರೆದುಕೊಂಡು ಮೊದಲು ಅಲ್ಲಿನ ನೆಂಟರ ಮನೆಯಲ್ಲಿ ಇಳಿಯುವುದೆಂದಾಯಿತು. ಹಿರಿಯರು ಕೂತು ಮಾತಾಡಿದಾಗ ಅವನು ಒಂದು ಮಾತು ಒಪ್ಪಿಕೊಂಡ. ಹೊರಡುವ ದಿನ ಅವರ ರೈಲಿನ ಹೊತ್ತಿಗೆ ಮುಂಚೆ ಕಮಲಾಕ್ಷಿ ಲಿಂಗಂಪಲ್ಲಿಯ ಮನೆಗೆ ತಾನೇ ಬಂದರೆ, ತನಗೆ ಅಲ್ಲಿ ಮನೆ ಸಿಗುವವರೆಗೆ ಕೂಸು ತಾಯಿಯ ಹತ್ತಿರವೇ ಇರಲಿ. ಆಮೇಲೆ ಇಬ್ಬರನ್ನೂ ಕರೆಸಿಕೊಳ್ಳುತ್ತೇನೆ.

"ಬರಲಿ ನೋಡೋಣ" ಎಂದರು ಪಾರ್ವತಿಬಾಯಿ. "ತಾಯಿಗೆ ಬೇಕಿದ್ರ ಬರ್ತಾಳ."

ಅಮೃತಪ್ಪನವರು ಅಂದೇ ಗಾಡಿಯ ಡಿಕ್ಕಿ ತೆರೆದರು. ಮೊಮ್ಮಗಳು ಈ ಸಲ ವಾಸನೆಯಲ್ಲಿ ಬರಬಾರದು.

ಕೆಳಗಿನ ತಿರುಪು ಬಿಚ್ಚಿ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದರು. ಟ್ಯಾಂಕಿನ ಸುತ್ತಲಿನ ಸ್ಕ್ರೂಗಳು ತುಕ್ಕಿನಲ್ಲಿ ಹೂತಿದ್ದವು. ಎಣ್ಣೆ ಬಿಟ್ಟು, ಕಾದು, ಬಡಿದು, ಒಂದೊಂದಾಗಿ ಎಬ್ಬಿಸಿದರು. ಹಳೆಯ ಟ್ಯಾಂಕನ್ನು ಅಂಗಳದಲ್ಲಿ ಅಲುಗಾಡಿಸಿದರೆ ಒಳಗಿನಿಂದ ತುಕ್ಕು ಒಣ ಎಲೆಯಂತೆ ಸದ್ದು ಮಾಡಿತು. ಅದನ್ನೇ ಅಳತೆಗೆ ಒಯ್ದು ರಾಣಿಗಂಜಿನ ತಗಡಿನ ಅಂಗಡಿಯಲ್ಲಿ ಹೊಸದು ಮಾಡಿಸಿದರು. ಬೆಸುಗೆಯ ಪ್ರತಿ ಅಂಚಿಗೂ ತಾವೇ ನಿಂತು ಬೆರಳಾಡಿಸಿದರು. ಅಂಗಡಿಯವನು ರೇಗಿ, "ಸಾಬ್, ಗಾಡಿ ಮೇ ಡಾಲ್ನಾ ಹೈ ಯಾ ಬೇಟೀ ಕೋ ಜಹೇಜ್ ಮೇ ದೇನಾ ಹೈ?" ಎಂದ. ಗಾಡಿಗೋ, ಮಗಳ ವರದಕ್ಷಿಣೆಗೋ ಎಂಬ ಆ ಮಾತು ಅಮೃತಪ್ಪನವರಿಗೆ ಹೊಗಳಿಕೆಯಂತೆಯೇ ಕೇಳಿಸಿತು.

ಗಾಳಿಯ ಕೊಳವೆಯನ್ನು ಮಾತ್ರ ಅಂಗಡಿಗೆ ಬಿಡಲಿಲ್ಲ. ತೆಳು ತಾಮ್ರದ ನಳಿಗೆ ತಂದು, ಒಳಗೆ ಮರಳು ತುಂಬಿ, ಸುಕ್ಕಾಗದಂತೆ ತಾವೇ ಬಗ್ಗಿಸಿದರು. ಟ್ಯಾಂಕಿನ ನೆತ್ತಿಯಿಂದ ಹೊರಟು, ಡಿಕ್ಕಿಯ ಗೋಡೆ ಹಿಡಿದು ಏರಿ, ಮತ್ತೆ ಇಳಿದು, ಹಿಂದಿನ ಚಕ್ರದ ಮರೆಯಲ್ಲಿ ಅದು ಹೊರಬೀಳಬೇಕು. ಪೆಟ್ರೋಲ್ ಖರ್ಚಾದಷ್ಟು ಗಾಳಿ ಅಲ್ಲಿಂದ ಒಳಹೋಗುತ್ತದೆ, ಆವಿಯೆದ್ದರೆ ಅಲ್ಲಿಂದಲೇ ಹೊರಹೋಗುತ್ತದೆ, ಕೂಸಿನ ಮೂಗಿನ ತನಕ ಬರುವುದಿಲ್ಲ. ವಿಶಾಲಾಕ್ಷಿಗೆ ಇದನ್ನೆಲ್ಲ ಊಟದ ತಾಟಿನ ಅಂಚಿನಲ್ಲಿ ಬೆರಳಿಂದ ಗೀರಿ ತಿಳಿಸಿದರು.

"ತಿಳೀತು ಬಿಡ್ರಿ. ಸಾರು ಆರಾಕತ್ತೈತಿ" ಎಂದಳು ಅವಳು.

ನೀರಿನ ಪರೀಕ್ಷೆಯ ದಿನ ಸೋಮಣ್ಣ ಬಂದಿದ್ದ. ಅಮೃತಪ್ಪನವರು ಹಳೆಯ ಪದ್ಧತಿಯಂತೆಯೇ ಎಲ್ಲ ಮಾಡಿದರು. ಪೆಟ್ರೋಲ್ ಹಾಕುವ ಕುತ್ತಿಗೆಗೆ ಒಂದು ಬಿರಡೆ, ಪಂಪಿಗೆ ಹೋಗುವ ಬಾಯಿಗೆ ಸೈಕಲ್ ಪಂಪಿನ ರಬ್ಬರು, ತಾಮ್ರದ ಕೊಳವೆಯ ತುದಿಗೆ ಕಿರುಬೆರಳಿನ ಗಾತ್ರದ ಕಪ್ಪು ಬಿರಡೆ. ಹಿತ್ತಲ ತೊಟ್ಟಿಯಲ್ಲಿ ಟ್ಯಾಂಕನ್ನು ಒತ್ತಿ ಹಿಡಿದರು. ಸೋಮಣ್ಣ ಗಾಳಿ ಹೊಡೆದ. ಕಮಲಾಕ್ಷಿಯೂ ಬಾಗಿ ನೋಡಿದಳು. ನೀರು ನಿಶ್ಚಲವಾಗಿ ಅವರೆಲ್ಲರ ಮುಖ ತೋರಿಸುತ್ತ ನಿಂತಿತು. ಗುಳ್ಳೆ ಏಳಲಿಲ್ಲ.

"ಶಿಕ್ಕಾ ಎಲ್ಲೈತ್ರಿ ಯಜಮಾನ್ರ?" ಎಂದ ಸೋಮಣ್ಣ.

ಅಮೃತಪ್ಪನವರು ನಿಜವಾಗಿಯೂ ಒಳಗೆ ಹೋಗಿ ಕಮಲಾಕ್ಷಿಯ ಹಸಿರು ಬಣ್ಣದ ಪೆನ್ಸಿಲ್ ತಂದು ಟ್ಯಾಂಕಿನ ಮೈಮೇಲೆ ಗುಂಡಗೆ ಒಂದು ಗುರುತು ಹಾಕಿದರು. ಕಾಮಾಲೆಯ ನಂತರ ಕಮಲಾಕ್ಷಿ ನಕ್ಕದ್ದು ಅದೇ ಮೊದಲು.

"ಕೂಡ್ಸೂದು ನಾಳಿ ಮಾಡ್ರಿ, ನಾನೂ ಬರ್ತೀನಿ" ಎಂದು ಸೋಮಣ್ಣ ಹೊರಟ.

"ಸ್ಕ್ರೂ ತಿರುವಾಕ ಇಬ್ರು ಬೇಕೇನಪಾ? ನಿನ್ನ ಮೊಣಕಾಲು ನೋಡ್ಕೋ ಹೋಗು" ಎಂದರು ಅಮೃತಪ್ಪನವರು.

ಅಂದೇ ಸಂಜೆಯೊಳಗೆ ಟ್ಯಾಂಕು ಕೂಡಿಸಿದರು. ಕುತ್ತಿಗೆಯ ಬಿರಡೆ ತೆಗೆಯಲೇಬೇಕಿತ್ತು, ರಬ್ಬರ್ ತೋಳು ಕೂಡಿಸಲು. ಪಂಪಿನ ಬಾಯಿ ಬಿಚ್ಚಲೇಬೇಕಿತ್ತು, ನಳಿಗೆ ಜೋಡಿಸಲು. ತಾಮ್ರದ ಕೊಳವೆಯ ತುದಿಗೆ ಮಾತ್ರ ಯಾವುದನ್ನೂ ಜೋಡಿಸುವುದಿರಲಿಲ್ಲ. ಅದು ಚಕ್ರದ ಮರೆಗೆ ಸರಿದು, ನೆಲದ ಕಡೆ ಮುಖ ಮಾಡಿ ಕಣ್ಣಿಗೆ ಬೀಳದಂತೆ ನಿಂತಿತು. ಅಮೃತಪ್ಪನವರ ಕೈಗೆ ಬಿರಡೆ ಹಾಕುವುದು ಗೊತ್ತಿತ್ತು. ಗುಳ್ಳೆ ಏಳದ ಮೇಲೆ, ಗುರುತು ಬಿದ್ದ ಮೇಲೆ, ಆ ಕೈಯ ಕೆಲಸ ಮುಗಿದು ಹೋಗುತ್ತಿತ್ತು.

ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಬಳೆ ಕತ್ತರಿಸಿ ಕೂರಿಸಿದರು. ಹಿಂದಿನ ಸೀಟಿನ ಮೇಲೆ ವಿಶಾಲಾಕ್ಷಿ ಹಳೆಯ ಇಳಕಲ್ಲ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು, ನೀಲು ಮಲಗಿಕೊಂಡು ಬರಲೆಂದು. ಕಮಲಾಕ್ಷಿ ಒಳಗೆ ತಲೆ ಹಾಕಿ ಮೂಸಿದಳು.

"ಅಪ್ಪಾ, ಏನಂದ್ರ ಏನೂ ವಾಸನಿ ಇಲ್ಲ!"

ಅಷ್ಟು ಸಾಕಾಗಿತ್ತು ಅವರಿಗೆ.

ಹೊರಡುವ ದಿನ ಅವರು ಬಂಕಿನಲ್ಲಿ ಟ್ಯಾಂಕು ಗಂಟಲ ತನಕ ತುಂಬಿಸಿ ಮುಚ್ಚಳ ಬಿಗಿದರು. ತಂದೆ ಮಗಳು ಮುಂದೆ ಕೂತರು. ಹಿಂದಿನ ಸೀಟು ಸೀರೆ ಹಾಸಿಕೊಂಡು ಖಾಲಿ ಬಂತು. ಕಮಲಾಕ್ಷಿಯ ಮಡಿಲಲ್ಲಿ ಕರದಂಟಿನ ಪೊಟ್ಟಣವಿತ್ತು. ಬಿಸಿಲು ಇನ್ನೂ ಎಳೆಯದು. ರೈಲಿಗೆ ಮಧ್ಯಾಹ್ನದವರೆಗೆ ಹೊತ್ತಿತ್ತು.

ಸಿಕಂದರಾಬಾದು ದಾಟುವವರೆಗೆ ಗಾಡಿ ಬೆಣ್ಣೆಯಂತೆ ಓಡಿತು. ಬೇಗಂಪೇಟೆಯಲ್ಲಿ ಒಮ್ಮೆ ಮುಗ್ಗರಿಸಿ, ಮತ್ತೊಮ್ಮೆ ಮುಗ್ಗರಿಸಿ, ರಸ್ತೆಯ ಅಂಚಿಗೆ ನಿಂತುಬಿಟ್ಟಿತು. ಕೀಲಿ ತಿರುವಿದರು. ಪಂಪು ಒಂದು ಸಲ ಟಿಕ್ ಎಂದಿತು. ಆಮೇಲೆ ಮಾತಿಲ್ಲ.

ಅಮೃತಪ್ಪನವರು ಇಳಿದು ಮುಚ್ಚಳ ತೆಗೆದು ನೋಡಿದರು. ದೊಡ್ಡದೊಂದು ನಿಟ್ಟುಸಿರು ಬಿಟ್ಟಂತೆ ಏನೋ ಕೇಳಿಸಿತು, ಅಷ್ಟರಲ್ಲೇ ಪಕ್ಕದಲ್ಲಿ ಬಸ್ಸೊಂದು ಹಾರನ್ನು ಹೊಡೆದುಕೊಂಡು ಹೋಯಿತು. ಪೆಟ್ರೋಲ್ ತುಂಬಿಯೇ ಇತ್ತು. ಮುಚ್ಚಳ ಬಿಗಿದು ಬಂದು ಕೀಲಿ ತಿರುವಿದರೆ ಪಂಪು ಹಸಿದಂತೆ ಟಿಕಟಿಕ ಹೊಡೆದುಕೊಂಡಿತು. ಗಾಡಿ ಹೊರಟಿತು.

"ಏನಾಗಿತ್ರಿ ಅಪ್ಪಾ?"

"ಹೊಸಾದಲ್ಲವಾ, ಕಸ ಸಿಕ್ಕಿರಬೇಕು. ಹೋತು."

ಕೂಕಟಪಲ್ಲಿಯ ಹತ್ತಿರ ಮತ್ತೆ ನಿಂತಿತು. ಈ ಸಲ ಅವರು ಮುಚ್ಚಳ ತೆಗೆಯಲಿಲ್ಲ. ಪೆಟ್ರೋಲ್ ಇರುವುದನ್ನು ಆಗಲೇ ನೋಡಿಯಾಗಿತ್ತು. ಅವರಿಗೆ ಗೊತ್ತಿದ್ದ ರೋಗ ಒಂದೇ: ಎಲ್ಲೋ ಸೋರುತ್ತಿದೆ, ಎಲ್ಲೋ ಸಂದಿನಿಂದ ಗಾಳಿ ನುಗ್ಗುತ್ತಿದೆ. ಗಾಡಿಯ ಕೆಳಗೆ ಬೆನ್ನೊಡ್ಡಿ ಮಲಗಿ ನಳಿಗೆಯ ಗಂಟುಗಳನ್ನೆಲ್ಲ ಬಿಗಿದರು. ಡಿಕ್ಕಿಯ ಬಟ್ಟೆ ಸರಿಸಿ ಟ್ಯಾಂಕಿನ ಸ್ಕ್ರೂಗಳನ್ನು ಬಿಗಿದರು. ಮುಚ್ಚಳವನ್ನೂ ಇನ್ನರ್ಧ ಸುತ್ತು ಬಿಗಿದರು. ಗಾಡಿ ಸುಮ್ಮನೆ ನಿಂತಿತ್ತು. ಅವರು ಅಷ್ಟು ಹೊತ್ತು ಬಿಗಿಯುವಷ್ಟರಲ್ಲಿ ಪಂಪಿಗೆ ಒಂದಿಷ್ಟು ಜೀವ ಬಂತು. ಬಿಗಿದದ್ದರಿಂದಲೇ ಬಂತೆಂದು ಅವರು ತಿಳಿದರು.

ಮಿಯಾಪುರದ ಬಯಲಿನಲ್ಲಿ, ಬಂಡೆಗಳ ನಡುವೆ, ಡಿಕ್ಕಿಯೊಳಗಿಂದ ಟೊಣ್ಣೆಂದು ಯಾರೋ ಒದ್ದಂತೆ ಸದ್ದಾಯಿತು. ಗಾಡಿ ಮೂರನೇ ಸಲ ನಿಂತಿತು.

ಬಿಸಿಲು ನೆತ್ತಿಗೆ ಏರುತ್ತಿತ್ತು. ಅಮೃತಪ್ಪನವರ ಅಂಗಿಯ ಬೆನ್ನು ಕೆಂಪು ಮಣ್ಣಾಗಿತ್ತು. ದೂರದಿಂದ ಒಂದು ಆಟೋ ಖಾಲಿ ಬರುತ್ತಿತ್ತು.

"ಅಪ್ಪಾ, ಆಟೋ ಬರಾಕತ್ತೈತಿ. ಹೋಗೋಣು ನಡೀರಿ. ಗಾಡಿ ಇಲ್ಲೇ ಇರಲಿ."

"ಸಿಕ್ತವಾ, ಸಿಕ್ತು. ಒಂದ ಗಂಟು ಉಳದೈತಿ. ಇದರಾಗ ಹೋಗಬೇಕವಾ ನಾವು. ಆಟೋದಾಗ ಹೋದ್ರ ಆ ಮುದುಕಿ ಏನಂತಾಳ?"

ಕಮಲಾಕ್ಷಿ ಎತ್ತಿದ್ದ ಕೈಯನ್ನು ಇಳಿಸಿದಳು. ತಂದೆಯ ಮಾತಿಗೆ ಎದುರು ಹೇಳಿ ಅವಳಿಗೆ ರೂಢಿಯಿರಲಿಲ್ಲ. ಆಟೋ ಸ್ವಲ್ಪ ನಿಧಾನಿಸಿ, ಅವರಿಬ್ಬರನ್ನೂ ನೋಡಿ, ಧೂಳೆಬ್ಬಿಸಿ ಹೋಯಿತು. ಆಮೇಲೆ ಬಹಳ ಹೊತ್ತು ಆ ರಸ್ತೆಯಲ್ಲಿ ಲಾರಿಗಳು ಬಿಟ್ಟು ಏನೂ ಬರಲಿಲ್ಲ.

ಬಿಗಿದು ಬಿಗಿದು, ಗಾಡಿ ಹೇಗೋ ಹೊರಟು, ಅವರು ಲಿಂಗಂಪಲ್ಲಿ ಮುಟ್ಟಿದಾಗ ಮಧ್ಯಾಹ್ನ ದಾಟಿ ಮನೆಗೆ ಬೀಗವಿತ್ತು. ಅಂಗಳದಲ್ಲಿ ಸಾಮಾನು ಕಟ್ಟಿದ ಹುಲ್ಲು, ಗೋಣಿದಾರದ ತುಂಡು. ಪಕ್ಕದ ಮನೆಯ ತೆಲುಗು ಹೆಂಗಸು ಹೊರಬಂದು ಕಮಲಾಕ್ಷಿಯ ಮುಖ ನೋಡಿ ಮೊದಲು ನೀರು ತಂದಳು. ಆಮೇಲೆ ಹೇಳಿದಳು. ವೈಜನಾಥ ಬಾಗಿಲಲ್ಲೇ ನಿಂತಿದ್ದನಂತೆ, ರಸ್ತೆ ನೋಡುತ್ತ. ಕೂಸಿನ ಬಟ್ಟೆಯ ಚೀಲವನ್ನು ಬೇರೆ ಕಟ್ಟಿಸಿ ಕಟ್ಟೆಯ ಮೇಲೆ ಇಟ್ಟಿದ್ದನಂತೆ. ಕೊನೆಗೆ ಪಾರ್ವತಿಬಾಯಿಯೇ ಆ ಚೀಲವನ್ನು ಎತ್ತಿ ಬಂಡಿಗೆ ಹಾಕಿದರಂತೆ.

"ತಾಯಿಗೆ ಬೇಕಿದ್ದರೆ ಬರುತ್ತಿದ್ದಳು ಅಂದರು, ಅಮ್ಮಾ."

ಸ್ಟೇಷನ್ನಿಗೆ ಓಡಿದರು. ರೈಲು ಹೋದ ಮೇಲಿನ ಹಳಿಗಳು ಬಿಸಿಲಿಗೆ ಮಿರುಗುತ್ತಿದ್ದವು. ಕಮಲಾಕ್ಷಿ ಬೆಂಚಿನ ಮೇಲೆ ಕೂತು ಕರದಂಟಿನ ಪೊಟ್ಟಣದ ದಾರವನ್ನು ಬಿಚ್ಚಿ, ಮತ್ತೆ ಕಟ್ಟಿದಳು. ಅಮೃತಪ್ಪನವರು ಅವಳ ಪಕ್ಕದಲ್ಲಿ ನಿಂತರು. ಕೂರಲು ಅವರಿಗೆ ಧೈರ್ಯವಾಗಲಿಲ್ಲ.

ಮರುದಿನ ಅವರು ಟ್ಯಾಂಕನ್ನು ಮತ್ತೆ ಇಳಿಸಿದರು. ಅದರ ಎರಡೂ ಪಕ್ಕೆಗಳು ಉಪವಾಸ ಬಿದ್ದವರ ಹೊಟ್ಟೆಯಂತೆ ಒಳಕ್ಕೆ ಸೇದಿಕೊಂಡಿದ್ದವು. ಹಸಿರು ಗುರುತು ಆ ತಗ್ಗಿನ ನಡುವೆ ಹಾಗೆಯೇ ಇತ್ತು. ಕೊಳವೆಯನ್ನು ಎಳೆದಾಗ ಅದರ ತುದಿ ಚಕ್ರದ ಮರೆಯಿಂದ ಹೊರಬಂತು. ಅದರ ಬಾಯಲ್ಲಿ ಪರೀಕ್ಷೆಗೆಂದು ಜಡಿದ ಕಪ್ಪು ಬಿರಡೆ; ಅಲ್ಲಿಂದ ಗಾಳಿ ಒಳಹೋಗಿರಲೇ ಇಲ್ಲ.

ಸೋಮಣ್ಣ ಕುಂಟುತ್ತ ಬಂದಾಗ ಅಮೃತಪ್ಪನವರು ಅಂಗಳದಲ್ಲಿ ಕೂತಿದ್ದರು. ಅಂಗೈ ತೆರೆದು ತೋರಿಸಿದರು. ಸೋಮಣ್ಣ ಒಂದು ಕ್ಷಣ ನೋಡಿ, ಏನೋ ಚೇಷ್ಟೆಯ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಪಕ್ಕದಲ್ಲಿ ಕೂತ.

"ನಾ ಬರ್ತೀನಿ ಅಂದಿದ್ದೆ" ಎಂದ.

"ಹೌದಪಾ. ಅಂದಿದ್ದಿ."

ಕಮಲಾಕ್ಷಿ ಚಹಾ ತಂದಳು. ತಂದೆಯ ಅಂಗೈ ನೋಡಿದಳು. ಅವರು ಹೇಳಿದರು, ಒಂದೂ ಬಿಡದೆ. ಅವಳು ಪೂರ್ತಿ ಕೇಳಿದಳು. ಬಯ್ದಿದ್ದರೆ, ಅತ್ತಿದ್ದರೆ, ಆ ಬಿರಡೆಯನ್ನು ಕಸಿದು ಬೀಸಿ ಒಗೆದಿದ್ದರೆ ಅವರಿಗೆ ಹಗುರಾಗುತ್ತಿತ್ತು. "ಚಾ ಆರತೈತಿ, ಕುಡೀರಿ" ಎಂದು ಅವಳು ಒಳಗೆ ಹೋದಳು.

ಪುಣೆಯಲ್ಲಿ ಮನೆ ಸಿಕ್ಕಿತು, ಕರೆ ಬರಲಿಲ್ಲ. ಅಮೃತಪ್ಪನವರು ಹಿರಿಯರನ್ನು ಕಳಿಸಿದರು, ತಾವೇ ಹೋದರು. ಬಾಗಿಲು ತೆರೆಯಿತು, ಚಹಾ ಬಂತು, ಕೂಸು ಶಾಲೆಗೆ ಹೋಗಿದೆ ಎಂದರು. ಕೊನೆಗೆ ಹೈದರಾಬಾದಿನ ಕೋರ್ಟಿಗೆ ಹೋಗಬೇಕಾಯಿತು. ಅಲ್ಲಿ ಆ ಕಡೆಯ ವಕೀಲರು ಪ್ರತಿ ಸಲವೂ ಒಂದೇ ಮಾತು ಎತ್ತುತ್ತಿದ್ದರು: ಬಾ ಎಂದು ಕರೆದ ದಿನ ತಾಯಿ ಬರಲಿಲ್ಲ. ಅಮೃತಪ್ಪನವರು ಬಿರಡೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿ ತಮ್ಮ ವಕೀಲರಿಗೆ ಕೊಟ್ಟರು. ಅವರು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ವಾಪಸು ಕೊಟ್ಟರು.

"ದೀನ್ನಿ ಚೂಪಿಂಚಿ ಏಮನಿ ಚೆಪ್ಪಮಂಟಾರು, ಪೆದ್ದಾಯನಾ?" ಎಂದರು, ಕೆಟ್ಟದಾಗಿ ಅಲ್ಲ. ಇದನ್ನು ತೋರಿಸಿ ಏನು ಹೇಳಲಿ ಎಂದು ಕೇಳಿದ್ದರು. ಅಮೃತಪ್ಪನವರು ಬಿರಡೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಗಾಡಿ ಮಾತ್ರ ಮತ್ತೆಂದೂ ನಿಲ್ಲಲಿಲ್ಲ. ಟ್ಯಾಂಕಿನ ಪಕ್ಕೆಗಳನ್ನು ಬಡಿದು ನೆಟ್ಟಗೆ ಮಾಡಿದ್ದರು. ಕೊಳವೆ ಸಲೀಸಾಗಿ ಉಸಿರಾಡುತ್ತಿತ್ತು. ಕೋರ್ಟಿನ ದಿನ ತಂದೆ ಮಗಳು ಯಾವಾಗಲೂ ಗೇಟು ತೆರೆಯುವ ಮೊದಲೇ ಮುಟ್ಟುತ್ತಿದ್ದರು. ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ ಒಳಗೇ ಕೂತು ಕಾಯುತ್ತಿದ್ದರು.

ಕೂಸನ್ನು ಕರೆತರಬೇಕೆಂದು ಆದೇಶವಾದಾಗ ನೀಲು ಶಾಲೆಯ ಎರಡು ಜಡೆಯ ಹುಡುಗಿಯಾಗಿದ್ದಳು. ಅಜ್ಜಿಯ ಸೆರಗು ಹಿಡಿದು ವೆರಾಂಡದಲ್ಲಿ ನಿಂತಿದ್ದಳು. ಅಜ್ಜಿಯ ಕೂಡ ಮರಾಠಿಯಲ್ಲೇ ಪಿಸುಗುಡುತ್ತಿದ್ದಳು. ಯಾರ ಬಳಿ ಇರುತ್ತೀ ಎಂದು ಒಳಗೆ ಕೇಳಿದಾಗ ಅವಳು ಹಿಂದೆ ಮುಂದೆ ನೋಡದೆ ಅಜ್ಜಿಯ ಬಳಿ ಎಂದಳು. ತೀರ್ಪು ಬರುವುದು ಬಾಕಿಯಿತ್ತು, ಆದರೆ ಹೊರಬಂದಾಗ ಅವರದೇ ವಕೀಲರು ಕಮಲಾಕ್ಷಿಯ ಕಣ್ಣು ತಪ್ಪಿಸಿ ಕಾಗದ ಜೋಡಿಸಿಕೊಂಡರು.

ಕಮಲಾಕ್ಷಿ ಮಗಳ ಮುಂದೆ ಮಂಡಿಯೂರಿದಳು. ಬೇವಿನ ನೆರಳಿನ ಕಡೆ ಕೈ ತೋರಿಸಿದಳು.

"ನೀಲೂ, ಅಜ್ಜಾನ ಗಾಡಿ ನೋಡವಾ. ಒಂದೀಟ ಹೊತ್ತು ಕೂತು ಬಾ ನನ್ನ ಕೂಡ. ಈಗ ವಾಸನಿ ಬರೂದಿಲ್ಲ."

ಹುಡುಗಿ ಕೆನೆ ಬಣ್ಣದ ಆ ದುಂಡು ಗಾಡಿಯನ್ನು ನೋಡಿದಳು. ಬಾಗಿಲು ಹಿಡಿದು ನಿಂತಿದ್ದ ಮುದುಕರನ್ನೂ ನೋಡಿದಳು. ಯಾವ ವಾಸನೆ ಎಂದು ಅವಳಿಗೆ ತಿಳಿದಂತೆ ಕಾಣಲಿಲ್ಲ.

"ನಕೊ" ಎಂದಳು ಮೆಲ್ಲಗೆ, ಅಪರಿಚಿತರಿಗೆ ಬೇಡವೆನ್ನುವ ಮರ್ಯಾದೆಯಲ್ಲಿ.

ಅಮೃತಪ್ಪನವರು ತೆರೆದ ಹಿಂದಿನ ಬಾಗಿಲನ್ನು ಮುಚ್ಚಿದರು. ಮಗಳು ಬಂದು ಮುಂದೆ ಕೂತಳು. ಕೀಲಿ ತಿರುವಿದರು. ಪಂಪು ಟಿಕ್, ಟಿಕ್ ಎಂದು ಹೊಟ್ಟೆ ತುಂಬಿಸಿಕೊಂಡು ಸುಮ್ಮನಾಯಿತು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ದಾರಿಯುದ್ದಕ್ಕೂ, ಮನೆ ಮುಟ್ಟುವವರೆಗೆ, ಎಲ್ಲಿಯೂ ಮುಗ್ಗರಿಸಲಿಲ್ಲ.